ಚಾಲಕನ ನಿದ್ದೆ ಕದ್ದವರ ಮೇಲೆ ಕೇಸು ಯಾವಾಗ?

ಘಾಟಿಯಲ್ಲಿ ಉರುಳಿದ ಟ್ರಕ್ಕು, ರಸ್ತೆ ವಿಭಜಕ ಹತ್ತಿದ ಕಂಟೇನರ್, ನಿಂತ ಲಾರಿಗೆ ಹಿಂದಿನಿಂದ ಗುದ್ದಿದ ಇನ್ನೊಂದು ಲಾರಿ. ಬೆಳಗಿನ ಜಾವದ ಇಂಥ ಸುದ್ದಿಗಳಲ್ಲಿ ಊರು ಬದಲಾಗುತ್ತದೆ, ಸತ್ತವರ ಸಂಖ್ಯೆ ಬದಲಾಗುತ್ತದೆ. ಚಾಲಕ ನಿದ್ದೆಯ ಮಂಪರಿನಲ್ಲಿದ್ದುದೇ ಕಾರಣ ಎಂಬ ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ. ಪೊಲೀಸರು ಹೇಳಿದ್ದನ್ನು ವರದಿಗಾರ ಬರೆಯುತ್ತಾನೆ, ಅವನು ಬರೆದದ್ದನ್ನು ಓದಿ ನಾವು ಪುಟ ಮಗುಚುತ್ತೇವೆ. ಆ ಮನುಷ್ಯ ಅದಕ್ಕೆ ಮುಂಚೆ ಮಲಗಿದ್ದು ಯಾವಾಗ, ಅವನನ್ನು ಆ ಹೊತ್ತಿನಲ್ಲಿ ರಸ್ತೆಗೆ ಅಟ್ಟಿದವರು ಯಾರು ಎಂಬುದು ಯಾರಿಗೂ ಬೇಡ.

ರಾತ್ರಿಯ ಮೇಲೆ ಚಾಲಕನಿಗೇನೂ ಮೋಹವಿಲ್ಲ. ದೊಡ್ಡ ನಗರಗಳು ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಭಾರಿ ವಾಹನಗಳನ್ನು ಒಳಗೆ ಬಿಡುವುದಿಲ್ಲ. ಮಂಗಳೂರು, ಮಲ್ಪೆಯಿಂದ ಐಸು ತುಂಬಿಕೊಂಡು ಹೊರಟ ಮೀನು ಬೆಂಗಳೂರಿನ ಮಾರುಕಟ್ಟೆಗೆ ಬೆಳಕು ಹರಿಯುವ ಮುಂಚೆ ಮುಟ್ಟಬೇಕು. ಮಳೆಯಿರಲಿ ಮಂಜಿರಲಿ, ಶಿರಾಡಿ ಘಾಟಿಯನ್ನು ಕತ್ತಲಲ್ಲೇ ಹತ್ತಬೇಕು. ಮೀನು ಕೊಳೆಯುತ್ತದೆ, ಅದರ ಅವಸರ ಅರ್ಥವಾಗುತ್ತದೆ. ಚಪ್ಪಲಿ, ಗೋಡೆ ಗಡಿಯಾರ, ಮೊಬೈಲಿನ ಕವರು ಕೊಳೆಯುತ್ತವೆಯೇ? ಇಂದು ಫೋನಿನಲ್ಲಿ ಆರ್ಡರ್ ಮಾಡಿದ್ದು ನಾಳೆ ಬಾಗಿಲಿಗೆ ಬರಬೇಕೆಂಬ ಚಟವನ್ನು ನಮಗೆ ಕಲಿಸಿದವರು ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಾಣಿಸುವುದಿಲ್ಲ.

ಕಾನೂನು ಕೂಡ ಇಷ್ಟು ಧಾವಂತವನ್ನು ಕೇಳುವುದಿಲ್ಲ. ಸರಕಿನ ಜೊತೆ ಹೋಗುವ ಇ-ವೇ ಬಿಲ್ಲಿಗೆ 2021ರಿಂದ ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿಯಿದೆ. ಬೆಂಗಳೂರಿನಿಂದ ಮುಂಬೈಗೆ ಸುಮಾರು ಸಾವಿರ ಕಿಲೋಮೀಟರ್, ಅಂದರೆ ಸರಕಾರದ ಲೆಕ್ಕದಲ್ಲಿ ಐದು ದಿನ. ಎಷ್ಟೋ ಟ್ರಾನ್ಸ್‌ಪೋರ್ಟ್ ಆಫೀಸುಗಳ ಲೆಕ್ಕದಲ್ಲಿ ಎರಡನೆಯ ರಾತ್ರಿ ದಾಟುವ ಮುಂಚೆಯೇ ‘ಎಲ್ಲಿದ್ದೀಯಾ?’ ಎಂಬ ಫೋನು ಶುರುವಾಗುತ್ತದೆ.

ಚಾಲಕನ ದುಡಿಮೆಗೆ ಮಿತಿ ಹಾಕಿದ್ದು ಇಂದು ನಿನ್ನೆಯಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಹೇಳಿತ್ತು. ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ಬಿಡುವು ಕಡ್ಡಾಯವಾಗಿತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಮಂದಿ ಕಾರ್ಮಿಕರಿದ್ದ ಸಂಸ್ಥೆಗೆ. ಒಂದೆರಡು ಲಾರಿಯ ಮಾಲಕರೇ ತುಂಬಿರುವ ಈ ದೇಶದಲ್ಲಿ ಅದು ಎಷ್ಟು ಜನರನ್ನು ಮುಟ್ಟಿರಬಹುದು? ಈ ಕಾಯ್ದೆಯನ್ನು ಒಳಗೆ ಸೇರಿಸಿಕೊಂಡ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಐದನ್ನು ಹತ್ತಕ್ಕೆ ಏರಿಸಿತು. ಬಲೆಯ ಕಣ್ಣು ಇನ್ನಷ್ಟು ದೊಡ್ಡದಾಯಿತು.

ಇನ್ನೊಂದು ಸಂಗತಿ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಾಷ್ಟ್ರೀಯ ಪರವಾನಗಿಯ ಭಾರಿ ಲಾರಿಯಲ್ಲಿ ಇಬ್ಬರು ಚಾಲಕರಿರಬೇಕು, ಒಬ್ಬ ಓಡಿಸುವಾಗ ಇನ್ನೊಬ್ಬ ಮೈಚಾಚಿ ಮಲಗಲು ಹಿಂದೆ ಸೀಟಿರಬೇಕು ಎಂದು ಹೇಳಿದ್ದವು. ಆ ನಿಯಮವನ್ನೇ ಕಿತ್ತುಹಾಕುವ ಪ್ರಸ್ತಾಪವನ್ನು 2018ರಲ್ಲಿ ಮುಂದಿಟ್ಟದ್ದು ಬೇರೆ ಯಾರೂ ಅಲ್ಲ, ರಸ್ತೆ ಸುರಕ್ಷತಾ ಸಪ್ತಾಹ ಆಚರಿಸುವ ಅದೇ ಸಾರಿಗೆ ಸಚಿವಾಲಯ! ಕ್ಲೀನರ್ ಅಂತೂ ಎಷ್ಟೋ ಲಾರಿಗಳಿಂದ ಮೊದಲೇ ಇಳಿದು ಹೋಗಿದ್ದ. ಈಗ ಕ್ಯಾಬಿನ್ನಿನಲ್ಲಿ ಉಳಿದವನು ಒಬ್ಬನೇ. ಗಾಜಿನ ಮೇಲೆ 786 ಬರೆದಿರಲಿ, ಮಂಜುನಾಥನ ಹೆಸರಿರಲಿ, ನಡುರಾತ್ರಿ ಅವನನ್ನು ಎಚ್ಚರಿಸಿಡುವುದು ಢಾಬಾದ ಚಹಾ ಮತ್ತು ಗುಟ್ಕಾ.

ಸರಕಾರಕ್ಕೆ ರಾತ್ರಿ ಲಾರಿ ನಿಲ್ಲಿಸಲು ಬರುವುದಿಲ್ಲವೆಂದಲ್ಲ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಲಾರಿಗಳಿಗೆ ತಡೆಯಿದೆ. 2009ರಲ್ಲಿ ಬಂದ ಆ ನಿರ್ಬಂಧವನ್ನು ಮರುವರ್ಷ ಹೈಕೋರ್ಟು ಎತ್ತಿಹಿಡಿಯಿತು. ಆನೆ, ಜಿಂಕೆಗಳ ಜೀವಕ್ಕಾಗಿ ಮಾಡಿದ ಆ ಕ್ರಮ ಸರಿಯಾದದ್ದೇ. ಅದರಿಂದ ಯಾವ ವ್ಯಾಪಾರವೂ ಮುಳುಗಿ ಹೋಗಲಿಲ್ಲ. ಅದೇ ಗಟ್ಟಿತನ ಸ್ಟೇರಿಂಗ್ ಹಿಡಿದ ಮನುಷ್ಯನ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಶಿಕ್ಷೆಯ ವಿಷಯದಲ್ಲಾದರೆ ಹಿಂಜರಿಕೆಯೇ ಇಲ್ಲ. ಅಪಘಾತದಲ್ಲಿ ಜೀವ ತೆಗೆದು, ತಿಳಿಸದೆ ಪರಾರಿಯಾದ ಚಾಲಕನಿಗೆ ಭಾರತೀಯ ನ್ಯಾಯ ಸಂಹಿತೆಯ 106(2) ಹತ್ತು ವರ್ಷಗಳ ತನಕ ಜೈಲು ಇಟ್ಟಿದೆ. 2024ರ ಜನವರಿಯಲ್ಲಿ ಚಾಲಕರು ಬೀದಿಗಿಳಿದರು. ಆಮೇಲೆಯೇ ಸರಕಾರ ಮಾತುಕತೆಗೆ ಬಂದದ್ದು, ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ಹೊರಗಿಟ್ಟದ್ದು. ಓಡಿಹೋಗುವುದನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ ಇಪ್ಪತ್ತು ಗಂಟೆ ಓಡಿಸಿದವನಿಗೆ ಜೈಲಾದರೆ ಓಡಿಸಲು ಹೇಳಿದವನಿಗೆ ಏನು?

ಮಾಲಕರ ಉತ್ತರ ಗೊತ್ತಿದೆ: ಡೀಸೆಲ್, ಟೋಲ್, ಸಾಲದ ಕಂತು, ಸಿಗದ ಬಾಡಿಗೆ. ಸಣ್ಣ ಮಾಲಕನ ಮಟ್ಟಿಗೆ ಇದು ಸುಳ್ಳಲ್ಲ, ಎಷ್ಟೋ ಕಡೆ ಅವನೇ ಚಾಲಕ ಕೂಡ. ಚಾಲಕರೇ ಹೆಚ್ಚು ಟ್ರಿಪ್ ಕೇಳುತ್ತಾರೆ ಎಂಬ ಮಾತೂ ಇದೆ. ಟ್ರಿಪ್ಪಿನ ಲೆಕ್ಕದಲ್ಲಿ ಸಂಬಳ ಕೊಟ್ಟರೆ ಯಾರು ತಾನೇ ಕೇಳುವುದಿಲ್ಲ? ಲಾಭ ನಿಲ್ಲುವುದು ಇವರಿಬ್ಬರ ಬಳಿಯೂ ಅಲ್ಲ, ಸಮಯ ಗೊತ್ತುಪಡಿಸಿ ಲೋಡು ಕೊಟ್ಟ ಕಂಪೆನಿಯ ಬಳಿ.

ಅಳೆಯುವುದು ಹೇಗೆ ಎಂಬ ನೆಪ ಬೇಡ. ಐರೋಪ್ಯ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದವನು 45 ನಿಮಿಷ ನಿಲ್ಲಲೇಬೇಕು, ಟ್ಯಾಕೊಗ್ರಾಫ್ ಎಂಬ ಯಂತ್ರ ಅದನ್ನು ದಾಖಲಿಸುತ್ತದೆ. ನಮ್ಮ ಲಾರಿಗಳಲ್ಲಿ ಜಿಪಿಎಸ್ ಇದೆ. ಹತ್ತು ನಿಮಿಷ ಲಾರಿ ನಿಂತರೆ ಬೆಂಗಳೂರಿನಲ್ಲಿ ಕೂತವನಿಗೆ ತಿಳಿಯುತ್ತದೆ. ನಿಂತದ್ದನ್ನು ಲೆಕ್ಕ ಇಡುವ ಯಂತ್ರ ನಿಲ್ಲದೆ ಓಡಿದ್ದನ್ನೂ ಲೆಕ್ಕ ಇಟ್ಟಿರುತ್ತದೆ. ರಾತ್ರಿಯ ಪ್ರತಿಯೊಂದು ಅಪಘಾತದ ಎಫ್‌ಐಆರ್ ಜೊತೆಗೆ ಹಿಂದಿನ 48 ಗಂಟೆಗಳ ಆ ದಾಖಲೆಯನ್ನು ಪೊಲೀಸರು ಲಗತ್ತಿಸಲಿ. ಲೋಡು ಎಷ್ಟು ಗಂಟೆಗೆ ಮುಟ್ಟಬೇಕೆಂದು ಗೊತ್ತುಮಾಡಲಾಗಿತ್ತು, ಗೊತ್ತುಮಾಡಿದವರು ಯಾರು ಎಂಬುದೂ ಅದರಲ್ಲಿರಲಿ. ಆರೋಪಿಗಳ ಪಟ್ಟಿಯಲ್ಲಿ ಚಾಲಕನ ಹೆಸರಿನ ಕೆಳಗೆ ಇನ್ನೂ ಜಾಗವಿದೆ.