ತೆಳ್ಳಗಿರುವ ಮಗಳು ಮತ್ತು ನಾವು ಬಡಿಸುವ ತಟ್ಟೆ



ನಾವು ಓದಿದ್ದು ಎಸ್ಸೆಸ್ಸೆಲ್ಸಿ ತನಕ. ವೈದ್ಯರಂತೆ ಬುದ್ಧಿ ಹೇಳುವ ಅರ್ಹತೆ ನಮಗಿಲ್ಲ. ಆದರೆ ಕುಂದಾಪುರದ ಕಡೆಯಿಂದ ಬಂದು ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ ಮೂವತ್ತು ವರ್ಷ ಗಲ್ಲಾದಲ್ಲಿ ಕುಳಿತವರಿಗೆ ಯಾರು ಏನು ತಿನ್ನುತ್ತಾರೆ ಎಂಬುದಾದರೂ ಗೊತ್ತಿರುತ್ತದೆ. ಆ ಧೈರ್ಯದಿಂದ ನಾಲ್ಕು ಮಾತು.

ಹೋಟೆಲಿನವರ ಮನೆಯಲ್ಲಿ ಬೆಳಗಿನ ತಿಂಡಿಗೆ ಒಲೆ ಹಚ್ಚುವುದು ಅಪರೂಪ. ನಮ್ಮ ಮನೆಗೂ ಇಡ್ಲಿ, ವಡೆ, ಪೂರಿ ಎಲ್ಲ ಕ್ಯಾರಿಯರ್‌ನಲ್ಲೇ ಹೋಗುತ್ತದೆ. ನಮ್ಮ ಮಗಳು ಅದನ್ನು ತಿಂದೇ ಬೆಳೆದವಳು. ಈಗ ಅವಳಿಗೆ 24. ಕಂಪ್ಯೂಟರ್ ಮುಂದೆ ಕೆಲಸ. ನೋಡಲು ತೆಳ್ಳಗೆ. ಊರಿಗೆ ಹೋದಾಗಲೆಲ್ಲ ಅಜ್ಜಿ "ಈ ಕೂಸಿಗೆ ಸ್ವಲ್ಪ ತುಪ್ಪ ಹಾಕಿ" ಎನ್ನುತ್ತಾರೆ. ಕಳೆದ ವರ್ಷ ಮುಟ್ಟು ಸರಿಯಾಗಿ ಆಗುತ್ತಿಲ್ಲವೆಂದು ಅವಳ ತಾಯಿ ವೈದ್ಯರ ಬಳಿ ಕರೆದುಕೊಂಡು ಹೋದರು. ಇಂಥದ್ದನ್ನು ಬರೆಯಲು ಗಂಡಸರಿಗೆ ಸಂಕೋಚ. ಆ ಸಂಕೋಚದಿಂದಲೇ ನಮ್ಮಲ್ಲಿ ಒಂದು ವರ್ಷ ತಡವಾಗಿತ್ತು.

ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ನಡುವೆ ಇದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಂತೆ. ವೈದ್ಯರು ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದರು: 84 ಸೆಂ.ಮೀ. ನಮ್ಮ ದೇಶದ ಹೆಂಗಸರಿಗೆ 80 ಸೆಂ.ಮೀ. ಒಳಗಿರಬೇಕಂತೆ. "ತೂಕ ಸರಿಯಿದೆ, ಸೊಂಟ ಸರಿಯಿಲ್ಲ" ಎಂದರು. ಆಮೇಲೆ "ದಿನಾ ಏನು ತಿನ್ನುತ್ತೀಯಮ್ಮ?" ಎಂದು ಕೇಳಿದರು. ಅವಳು ಹೇಳಿದ್ದು ನಮ್ಮ ಹೋಟೆಲಿನ ಬೋರ್ಡಿನಲ್ಲಿರುವ ಪಟ್ಟಿಯನ್ನೇ!

ಇದು ನಮ್ಮೊಬ್ಬರ ಮನೆಯ ಕಥೆಯಲ್ಲ. ಭಾರತೀಯರು ತೆಳ್ಳಗೆ ಕಂಡರೂ ಒಳಗೆ ಕೊಬ್ಬು ಹೆಚ್ಚು ಎಂಬುದನ್ನು ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರು 2004ರಲ್ಲಿ ತಮ್ಮ ದೇಹವನ್ನೇ ಉದಾಹರಣೆಯಾಗಿಟ್ಟು ತೋರಿಸಿದರು. ಅವರದೂ ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ಅವರದೂ ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಒಂದೇ, 22.3. ಆದರೆ ಇಂಗ್ಲೆಂಡಿನವರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮವರಲ್ಲಿ 21.2. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ತೂಕ ಹೆಚ್ಚಿದ್ದವರು ನೂರಕ್ಕೆ 24. ಸೊಂಟಕ್ಕೂ ಪೃಷ್ಠಕ್ಕೂ ಇರುವ ಸುತ್ತಳತೆಯ ಅನುಪಾತದ ಲೆಕ್ಕದಲ್ಲಿ ಅಪಾಯದಲ್ಲಿದ್ದವರು ನೂರಕ್ಕೆ 57! ಅಂದರೆ ತೂಕದ ಯಂತ್ರ ಹಲವರಿಗೆ ಸುಳ್ಳು ಧೈರ್ಯ ಕೊಡುತ್ತಿದೆ.

ಇದು ಮುಂದಿನ ತಲೆಮಾರಿಗೂ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರ ಸಕ್ಕರೆ ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ವರ್ಷಗಳ ಕಾಲ ಗಮನಿಸುತ್ತ ಬಂದರು. ಗರ್ಭಕಾಲದಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೆಯ ವಯಸ್ಸಿಗೇ ಮೈಕೊಬ್ಬೂ ಇನ್ಸುಲಿನ್ನೂ ಹೆಚ್ಚಿತ್ತು.

ಈಗ ನಮ್ಮ ಗಿರಾಕಿಗಳ ಕಡೆ ನೋಡೋಣ. ನಮ್ಮ ಬೀದಿಯಲ್ಲಿ ಪಿಜಿಗಳಲ್ಲಿರುವ ಹೆಣ್ಣುಮಕ್ಕಳು ಬಹಳ. ಬೆಳಿಗ್ಗೆ ಮಸಾಲೆ ದೋಸೆ, ಕಾಫಿ. ಇಡೀ ದಿನ ಕುರ್ಚಿ. ರಾತ್ರಿ ಬಂದು ಮತ್ತೆ ಪೂರಿಯೋ ಪರೋಟವೋ. ರವೀಂದ್ರ ಸರೋವರ ಹತ್ತಿರದಲ್ಲೇ ಇದ್ದರೂ ನಡೆಯಲು ಅವರಿಗೆ ಹೊತ್ತಿಲ್ಲ. ದಿನಕ್ಕೆ ಎರಡು ಹೊತ್ತು ನಮ್ಮಲ್ಲೇ ತಿನ್ನುವವರಿಗೆ ನಾವೇ ಮನೆಯ ಅಡುಗೆಮನೆ. ಇದನ್ನು ನಾವು ಮರೆತಿದ್ದೆವು.

ಒಂದು ಕಾಫಿಗೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 8–10 ಗ್ರಾಂ. ಮೂರು ಕಾಫಿಗೆ 24–30 ಗ್ರಾಂ. ಇಡೀ ದಿನಕ್ಕೆ 25 ಗ್ರಾಂ ಮೀರಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದೆ. ಕಾಫಿಯಲ್ಲೇ ಲೆಕ್ಕ ಮುಗಿಯಿತು!

ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ಕಾಫಿಗೆ ಸಕ್ಕರೆ ಬೇರೆ ಕೊಡುತ್ತೇವೆ. ದೋಸೆಗೆ ಬೆಣ್ಣೆ ಕೇಳಿದರೆ ಮಾತ್ರ. ಸಾಂಬಾರಿಗೆ ಬೇಳೆ, ತರಕಾರಿ ಹೆಚ್ಚಿಸಿದ್ದೇವೆ. ಊಟಕ್ಕೆ ಮೊದಲು ಕೋಸಂಬರಿ, ಪಲ್ಯ. ಅನ್ನ ಆಮೇಲೆ, ಬೇಕೆಂದರೆ ಇನ್ನೊಂದು ಸಲ. ಸಂಜೆ ಬಜೆಯ ಜೊತೆಗೆ ಕಡಲೆ ಉಸುಳಿಯೂ ಇರುತ್ತದೆ. ಕರಿದ ಎಣ್ಣೆಯನ್ನು ಮರುದಿನಕ್ಕೆ ಇಡುವುದಿಲ್ಲ.

"ಗಿರಾಕಿ ಬರುವುದು ರುಚಿಗೆ, ಪಥ್ಯಕ್ಕಲ್ಲ" ಎಂದು ನಮ್ಮ ಭಟ್ಟರು ಗೊಣಗಿದರು. ಅವರ ಮಾತು ಪೂರ್ತಿ ತಪ್ಪಲ್ಲ. ಮೊದಲ ತಿಂಗಳು ಉಸುಳಿ ಅರ್ಧ ಉಳಿಯಿತು, ಬೇಳೆಯ ಖರ್ಚು ಏರಿತು. ನಷ್ಟವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಈಗ ಪಿಜಿ ಮಕ್ಕಳು ಉಸುಳಿ ಕೇಳಿ ತಿನ್ನುತ್ತಾರೆ. ಮಸಾಲೆ ದೋಸೆಯ ವ್ಯಾಪಾರವೂ ನಿಂತಿಲ್ಲ.

ಒಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ದಿನಾ ಬರುತ್ತಿದ್ದ ಒಬ್ಬ ಹುಡುಗಿಗೆ ಗಲ್ಲಾದಿಂದಲೇ "ಸ್ವಲ್ಪ ದಪ್ಪ ಆದಿರಲ್ಲಮ್ಮ" ಎಂದಿದ್ದೆವು. ಸಲಿಗೆಯಿಂದ ಆಡಿದ ಮಾತು. ಅವಳು ಮತ್ತೆ ಬರಲಿಲ್ಲ. ದಪ್ಪ ಕಂಡವರನ್ನು ಆಡಿಕೊಂಡು, ತೆಳ್ಳಗಿದ್ದ ಮಗಳನ್ನು ಆರೋಗ್ಯವಂತೆ ಎಂದುಕೊಂಡ ನಮಗೆ ಎರಡೂ ಕಡೆ ಕಣ್ಣು ಕಾಣಲಿಲ್ಲ. ನಮ್ಮ ಕೆಲಸ ತಟ್ಟೆ ನೋಡುವುದು, ಮೈ ನೋಡುವುದಲ್ಲ.

ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಇಲ್ಲವೇ ಅದಕ್ಕಿಂತ ಹೆಚ್ಚು ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂಬ ನಿಯಮ 2022ರಲ್ಲಿ ಜಾರಿಯಾಗಿದೆ. ನಮ್ಮಂಥ ಒಂಟಿ ಹೋಟೆಲಿಗೆ ಆ ಒತ್ತಾಯವಿಲ್ಲ. ಒತ್ತಾಯವಿಲ್ಲದೆ ಮಾಡಿದರೇ ಅದು ಧರ್ಮ.

ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ಊಟ ಬಡಿಸುವವರೂ ಅದನ್ನು ಬಲ್ಲವರಾಗಬೇಡವೆ? ನಮ್ಮ ಮಗಳು ಈಗ ಬೆಳಿಗ್ಗೆ ಸರೋವರದ ಸುತ್ತ ನಡೆಯುತ್ತಾಳೆ. ಮೊನ್ನೆಯ ಪರೀಕ್ಷೆಯಲ್ಲಿ 5.8 ಬಂದಿದೆ. ಹೊಸ್ತಿಲು ಇನ್ನೂ ದಾಟಿ ಹೊರಬಂದಿಲ್ಲ. ಸದಸ್ಯರೆಲ್ಲ ಮೊದಲು ತಮ್ಮ ಮನೆಗೆ ಹೋಗುವ ಕ್ಯಾರಿಯರ್‌ನ ಮುಚ್ಚಳ ತೆಗೆದು ಒಮ್ಮೆ ನೋಡಬೇಕೆಂದು ನಮ್ಮ ವಿನಂತಿ.