ಜೀಪಿನಡಿಯ ಹಸುರು ಹನಿ

ಮಲೆನಾಡಿನ ಘಾಟಿ ದಾರಿಗಳಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕಾಣಸಿಗುವ ಒಂದು ದೃಶ್ಯವಿದೆ. ಏರಿನ ನಡುವೆ ಜೀಪು ನಿಂತಿದೆ, ಬಾನೆಟ್ ತೆರೆದಿದೆ, ಆವಿ ಏಳುತ್ತಿದೆ. ಚಾಲಕ ಪಕ್ಕದ ಹಳ್ಳಕ್ಕಿಳಿದು ಕ್ಯಾನಿನಲ್ಲಿ ನೀರು ತುಂಬಿ ತರುತ್ತಾನೆ, ಎಂಜಿನ್ ತಣಿಯುವವರೆಗೆ ಕಾದು ರೇಡಿಯೇಟರಿಗೆ ಸುರಿದು ಮುಂದೆ ಸಾಗುತ್ತಾನೆ. ಮರುದಿನವೂ ಅದೇ ಕೆಲಸ. ಹಿಂದಿನ ದಿನ ತುಂಬಿದ ನೀರು ಎಲ್ಲಿ ಹೋಯಿತೆಂದು ಕೇಳುವವರು ವಿರಳ. ಅದು ಹೋದದ್ದು ರಸ್ತೆಯ ಮೇಲೆ, ರಸ್ತೆಯಿಂದ ಚರಂಡಿಗೆ, ಮಳೆ ಬಿದ್ದೊಡನೆ ಅದೇ ಹಳ್ಳಕ್ಕೆ. ಹೋಗುವಾಗ ಒಂಟಿಯಾಗಿಯೂ ಹೋಗಲಿಲ್ಲ. ಕೂಲೆಂಟನ್ನು ಜೊತೆಗೆ ಒಯ್ದಿತು.

ಹಸುರು, ಕೆಂಪು, ನೀಲಿ ಬಣ್ಣಗಳಲ್ಲಿ ಮಾರಾಟವಾಗುವ ಈ ಕೂಲೆಂಟಿನ ಮುಖ್ಯ ಘಟಕ ಬಹುಮಟ್ಟಿಗೆ ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ. ಅಪಾಯವಿರುವುದೂ ಅಲ್ಲಿಯೇ. ಗ್ಯಾರೇಜಿನ ಮುಂದಿನ ಗುಂಡಿಯಲ್ಲಿ ನಿಂತ ಈ ದ್ರವವನ್ನು ನಾಯಿ, ಬೆಕ್ಕು, ದನಕರು ನೆಕ್ಕುತ್ತವೆ. ದೇಹದೊಳಗೆ ಅದು ವಿಘಟನೆಗೊಂಡು ಆಕ್ಸಾಲಿಕ್ ಆಮ್ಲವಾಗಿ, ಕ್ಯಾಲ್ಸಿಯಮ್ಮಿನೊಡನೆ ಸೇರಿ ಹರಳುಗಟ್ಟಿ ಮೂತ್ರಪಿಂಡಗಳನ್ನು ಹಾಳುಗೆಡವುತ್ತದೆ. ಬೆಕ್ಕಿನ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಒಂದೂವರೆ ಮಿಲಿಲೀಟರಿನಷ್ಟು ಸಾಕು. ವಯಸ್ಕ ಮನುಷ್ಯನಿಗೆ ಸುಮಾರು 100 ಮಿಲಿಲೀಟರ್ ಮಾರಕವಾಗಬಲ್ಲದು. ಅಮೆರಿಕದ ಒರೆಗಾನ್, ಕ್ಯಾಲಿಫೋರ್ನಿಯ ರಾಜ್ಯಗಳು ಇದಕ್ಕೆ ಕಹಿ ಬೆರೆಸಬೇಕೆಂದು ಕಾನೂನನ್ನೇ ಮಾಡಿದವು.

ಆದರೂ ಉತ್ಪ್ರೇಕ್ಷೆ ಬೇಡ. ಎಥಿಲೀನ್ ಗ್ಲೈಕಾಲ್ ಕೆಲವು ಕೀಟನಾಶಕಗಳಂತೆ ವರ್ಷಗಟ್ಟಲೆ ಮಣ್ಣಿನಲ್ಲಿ ಉಳಿಯುವ ವಸ್ತುವಲ್ಲ. ಸೂಕ್ಷ್ಮಜೀವಿಗಳು ಕೆಲವೇ ದಿನ, ವಾರಗಳಲ್ಲಿ ಅದನ್ನು ಕರಗಿಸಬಲ್ಲವು. ಆದರೆ ಹಾಗೆ ಕರಗಿಸುವಾಗ ಅವು ನೀರಿನಲ್ಲಿರುವ ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ತುಂಬಿ ಹರಿಯುವ ಹೊಳೆಗೆ ಇದು ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಹಳ್ಳ ಕಡಿದು ಮೊಣಕಾಲುದ್ದದ ಮಡುಗಳಷ್ಟೇ ಉಳಿದಿರುವಾಗ, ಆ ಮಡುಗಳಲ್ಲೇ ಮೀನು, ಗೊದಮೊಟ್ಟೆಗಳೆಲ್ಲ ಒತ್ತೊತ್ತಾಗಿ ಬದುಕುತ್ತಿರುವಾಗ, ಒಂದು ರೇಡಿಯೇಟರಿನ ದ್ರವವನ್ನು ಅಲ್ಲಿ ಖಾಲಿ ಮಾಡುವುದು ಸಣ್ಣ ಸಂಗತಿಯಲ್ಲ. ಜೀಪುಗಳು ಹೆಚ್ಚು ಕುದಿಯುವುದೂ ಅದೇ ತಿಂಗಳುಗಳಲ್ಲಿ. ಹಳೆಯ ಕೂಲೆಂಟಿನಲ್ಲಿ ರೇಡಿಯೇಟರಿನ ಬೆಸುಗೆಯಿಂದ ಬಿಟ್ಟುಕೊಂಡ ಸೀಸ, ತಾಮ್ರಗಳೂ ಇರುತ್ತವೆ. ಅವು ಯಾವ ಸೂಕ್ಷ್ಮಜೀವಿಯಿಂದಲೂ ಕರಗುವಂಥವಲ್ಲ.

ಬೆಟ್ಟದಲ್ಲಿ ಸೋರಿಕೆಗೆ ಬಯಲಿನಲ್ಲಿಲ್ಲದ ಮಹತ್ವವಿದೆ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ನೆತ್ತಿಯಲ್ಲಿ ತೆರೆದ ಪಾತ್ರೆಯ ನೀರು 95-96 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ ಎಂಜಿನ್ ಬಚಾವಾಗುತ್ತದೆ. ಇಂದಿನ ವಾಹನಗಳಲ್ಲಿ ಈ ಒತ್ತಡ ಸುಮಾರು 1 ಬಾರ್. ಹಳೆಯ ಜೀಪುಗಳಲ್ಲಿ ಇನ್ನೂ ಕಡಿಮೆ. ಸೋರಿಕೆಯೆಂದರೆ ದ್ರವದ ನಷ್ಟವಷ್ಟೇ ಅಲ್ಲ, ಈ ಒತ್ತಡದ ನಷ್ಟವೂ ಹೌದು. ಅದರ ಮೇಲೆ ಫೋರ್ ವೀಲ್ ಹಾಕಿ ಲೋ ಗೇರಿನಲ್ಲಿ ತೆವಳುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ಎದುರಿನಿಂದ ಗಾಳಿ ಮಾತ್ರ ಬರುವುದಿಲ್ಲ.

ಇಷ್ಟಿದ್ದೂ ಸೋರಿಕೆಯ ಮೂಲವನ್ನು ಹುಡುಕದೆ ದಿನವೂ ನೀರು ಸುರಿಯುವುದೇಕೆ? ಉದಾಸೀನ ಒಂದು ಕಾರಣ. ಇನ್ನೊಂದು, ಫೋರ್ ವೀಲ್ ಗಾಡಿಯಲ್ಲಿ ಹನಿ ಬೀಳುವ ಜಾಗ ದಾರಿ ತಪ್ಪಿಸುತ್ತದೆ. ವಾಟರ್ ಪಂಪಿನಿಂದಲೋ ಹೋಸಿನ ಕ್ಲಿಪ್ಪಿನಿಂದಲೋ ಜಿನುಗಿದ ಕೂಲೆಂಟನ್ನು ಫ್ಯಾನಿನ ಗಾಳಿ ಹಿಂದಕ್ಕೆ ತಳ್ಳುತ್ತದೆ. ಅದು ಗೇರ್ ಬಾಕ್ಸಿನ ಮೈಮೇಲೆ ಹರಿದು, ಮುಂದಿನ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ತಳದಿಂದ ತೊಟ್ಟಿಕ್ಕುತ್ತದೆ. ನೋಡಿದವರು ಗೇರ್ ಆಯಿಲ್ ಸೋರುತ್ತಿದೆಯೆಂದು ಆಯಿಲ್ ಸೀಲ್ ಬದಲಿಸುತ್ತಾರೆ; ಸೋರಿಕೆ ಹಾಗೆಯೇ ಮುಂದುವರಿಯುತ್ತದೆ.

ಇದರ ತದ್ವಿರುದ್ಧವಾದ ತಪ್ಪೂ ನಡೆಯುತ್ತದೆ. ಹೌಸಿಂಗಿನ ಬಿರಡೆ ಬಿಚ್ಚಿದಾಗ ಎಣ್ಣೆ ಹಾಲು ಬೆರೆಸಿದಂತೆ ಬಿಳಿಚಿದ್ದರೆ ಕೂಲೆಂಟ್ ಒಳಸೇರಿದೆಯೆಂದು ಗಾಬರಿಯಾಗುವುದುಂಟು. ಸಾಮಾನ್ಯ ಜೀಪಿನ ಹೌಸಿಂಗಿಗೂ ಟ್ರಾನ್ಸ್‌ಫರ್ ಕೇಸಿಗೂ ಕೂಲೆಂಟಿನ ದಾರಿಯೇ ಇಲ್ಲ. ಅಲ್ಲಿರುವುದು ಹಳ್ಳದ ನೀರು. ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳದಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೋ ಸವೆದ ಸೀಲಿನಿಂದಲೋ ನೀರನ್ನು ಒಳಗೆಳೆದುಕೊಳ್ಳುತ್ತದೆ. ಪ್ರವಾಸಿಗರ ಖುಷಿಗೆಂದು ಗಾಡಿಯನ್ನು ಹೊಳೆಯಲ್ಲಿ ಇಳಿಸಿ ಹತ್ತಿಸುವವರು ಇದನ್ನು ತಿಳಿದಿದ್ದರೆ ಹೊಳೆಗೂ ಒಳ್ಳೆಯದು, ಕ್ರೌನಿಗೂ ಒಳ್ಳೆಯದು. ಆಟೋಮ್ಯಾಟಿಕ್ ಗೇರಿನ ವಾಹನಗಳ ಕತೆ ಮಾತ್ರ ಬೇರೆ. ಅವುಗಳಲ್ಲಿ ಅನೇಕಕ್ಕೆ ಗೇರಿನ ಎಣ್ಣೆ ತಣಿಯುವ ಕೊಳವೆ ರೇಡಿಯೇಟರಿನ ಒಳಗೇ ಇರುತ್ತದೆ. ಅದು ಒಡೆದರೆ ಎರಡೂ ಬೆರೆತು ಗುಲಾಬಿ ಬಣ್ಣದ ಮಜ್ಜಿಗೆಯಂತಾಗುತ್ತದೆ. ಹಾಗೆ ಕಂಡೊಡನೆ ಗಾಡಿ ಓಡಿಸುವುದನ್ನು ನಿಲ್ಲಿಸಬೇಕು. ಒಳಗಿನ ಕ್ಲಚ್ ಪ್ಲೇಟುಗಳ ಅಂಟನ್ನು ಗ್ಲೈಕಾಲ್ ಬಿಡಿಸಿಹಾಕುತ್ತದೆ.

ಗುರುತಿಸುವುದು ಕಷ್ಟವಲ್ಲ. ರಾತ್ರಿ ಗಾಡಿಯ ಕೆಳಗೆ ಒಂದು ಅಗಲವಾದ ರಟ್ಟು ಹಾಸಿಟ್ಟರೆ ಬೆಳಗ್ಗೆ ಅದೇ ಅರ್ಧ ಉತ್ತರ ಹೇಳುತ್ತದೆ. ಗೇರ್ ಆಯಿಲ್ ದಪ್ಪ, ಗಂಧಕದ ಕಮಟು ವಾಸನೆ, ನೀರಿನಲ್ಲಿ ಬೆರೆಯದು. ಕೂಲೆಂಟ್ ತೆಳು, ಬೆರಳಿಗೆ ಜಾರುವಂಥದ್ದು, ನೀರಿನಲ್ಲಿ ಬೆರೆಯುತ್ತದೆ. ಒಣಗಿದಲ್ಲಿ ಬಣ್ಣದ ಪುಡಿಯಂಥ ಕಲೆ ಉಳಿಯುತ್ತದೆ. ಏ.ಸಿ.ಯಿಂದ ಬಿದ್ದ ನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರುಚಿ ನೋಡಿ ಪರೀಕ್ಷಿಸುವ ಹಳೆಯ ಅಭ್ಯಾಸವನ್ನು ಮಾತ್ರ ಕೈಬಿಡಬೇಕು. ಬಳಿಕ ಆ ಕಲೆಯನ್ನು ಹಿಡಿದು ಮೇಲಕ್ಕೆ, ಮುಂದಕ್ಕೆ ಹೋಗಬೇಕು. ಅತಿ ಎತ್ತರದಲ್ಲಿ, ಅತಿ ಮುಂದೆ ಒದ್ದೆಯಾಗಿರುವ ಜಾಗವೇ ಬಹುಪಾಲು ಮೂಲ.

ಅಷ್ಟರಿಂದ ತಿಳಿಯದಿದ್ದರೆ ಪ್ರೆಷರ್ ಟೆಸ್ಟರ್ ಇದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಬಾಯಿಗೆ ಈ ಕೈಪಂಪನ್ನು ಕೂರಿಸಿ, ಮುಚ್ಚಳದ ಮೇಲೆ ಬರೆದಿರುವ ಒತ್ತಡದವರೆಗೆ ಗಾಳಿ ತುಂಬಿ, ಸ್ವಲ್ಪ ಹೊತ್ತು ಮುಳ್ಳನ್ನು ನೋಡುತ್ತಿರಬೇಕು. ಮುಳ್ಳು ಇಳಿದರೆ ಸೋರಿಕೆ ಇದೆ. ವಾಟರ್ ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಒಳಗಿನ ಸೀಲ್ ಸವೆದಾಗ ಅದು ತೊಟ್ಟಿಕ್ಕಿ ಎಚ್ಚರಿಸುತ್ತದೆ. ಅದನ್ನು ಎಂ-ಸೀಲ್ ಹಾಕಿ ಮುಚ್ಚುವ ಜಾಣರೂ ಇದ್ದಾರೆ! ಮುಳ್ಳು ಇಳಿಯುತ್ತಿದ್ದರೂ ಹೊರಗೆಲ್ಲೂ ಹನಿ ಕಾಣದಿದ್ದರೆ ಹೆಡ್ ಗ್ಯಾಸ್ಕೆಟ್ಟನ್ನು ಶಂಕಿಸಬೇಕು. ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಎಂಜಿನ್ ಆಯಿಲಿನ ಕಡ್ಡಿಯಲ್ಲಿ ಕಾಫಿಯಂಥ ನೊರೆ ಅದಕ್ಕೆ ಸಾಕ್ಷಿ. ಮುಚ್ಚಳವನ್ನೂ ಪರೀಕ್ಷಿಸದೆ ಬಿಡಬಾರದು. ಎಷ್ಟೋ ಸಲ ಅದರ ರಬ್ಬರು ಸವೆದದ್ದೇ ಎಲ್ಲಕ್ಕೂ ಕಾರಣವಾಗಿರುತ್ತದೆ.

ಪರಿಸರ ಸಭೆಗಳಿಗೆ ಬರುವವರ ಜೀಪುಗಳ ಅಡಿಯಲ್ಲೂ ಹಸುರು ಕಲೆಗಳು ಕಾಣುತ್ತವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಗಣಿ, ಅಣೆಕಟ್ಟುಗಳ ವಿರುದ್ಧ ದನಿಯೆತ್ತುವಷ್ಟು ಶ್ರಮ ಇದಕ್ಕೆ ಬೇಡ. ಕೊಡಚಾದ್ರಿಗಾಗಲಿ ಮಾಂದಲಪಟ್ಟಿಗಾಗಲಿ ಬಾಡಿಗೆ ಓಡಿಸುವ ಜೀಪು ಚಾಲಕರ ಸಂಘಗಳು ಒಂದೊಂದು ಪ್ರೆಷರ್ ಟೆಸ್ಟರನ್ನು ಸೇರಿ ಕೊಂಡುಕೊಳ್ಳಬಹುದು. ಬೇಸಿಗೆಗೆ ಮುನ್ನ ಒಂದು ದಿನ ಎಲ್ಲ ಗಾಡಿಗಳನ್ನೂ ಪರೀಕ್ಷಿಸಬಹುದು. ಗ್ಯಾರೇಜುಗಳು ರೇಡಿಯೇಟರ್ ಬಿಚ್ಚುವ ಮುನ್ನ ಕೆಳಗೊಂದು ಬೋಗುಣಿ ಇಡಬೇಕು. ಇತ್ತೀಚೆಗೆ ತುಂಬಿದ್ದ ಶುದ್ಧ ಕೂಲೆಂಟಾಗಿದ್ದರೆ ಸೋಸಿ ಅದೇ ಗಾಡಿಗೆ ಹಾಕಬಹುದು. ಹಳೆಯದಾಗಿದ್ದರೆ ಬಿಗಿ ಮುಚ್ಚಳದ ಕ್ಯಾನಿನಲ್ಲಿ, ಹೊರಗೆ ದಪ್ಪ ಅಕ್ಷರಗಳಲ್ಲಿ ‘ವಿಷ’ ಎಂದು ಬರೆದು, ಮಕ್ಕಳ ಕೈಗೆಟುಕದಂತೆ ತೆಗೆದಿಡಬೇಕು. ತಂಪು ಪಾನೀಯದ ಖಾಲಿ ಬಾಟಲಿಯಲ್ಲಿ ಮಾತ್ರ ಎಂದಿಗೂ ತುಂಬಿಡಬಾರದು.