ಮೊದಲು ಗಾಳಿ, ಆಮೇಲೆ ಬಣ್ಣ

ಹಳೆಯ ಮೋಟರ್ ಸೈಕಲ್ಲುಗಳ ಮೇಲೆ ಈಗ ಎಲ್ಲರಿಗೂ ಪ್ರೀತಿ ಉಕ್ಕುತ್ತಿದೆ. ಕೊಟ್ಟಿಗೆಯ ಮೂಲೆಯಲ್ಲಿ ಕೋಳಿಗಳು ಕೂರುತ್ತಿದ್ದ ಗಾಡಿಯನ್ನು ಹೊರಗೆಳೆದು, ತೊಳೆದು, ಬಣ್ಣ ಹೊಡೆಸಿ, ಅದರ ಚಿತ್ರವನ್ನು ನನಗೂ ಕಳುಹಿಸುವ ಶಿಷ್ಯರಿದ್ದಾರೆ. ಸಂತೋಷವೇ. ಆದರೆ ಅಷ್ಟಕ್ಕೇ ಗಾಡಿಗೆ ಮರುಜೀವ ಬಂತೆಂದು ತಿಳಿದು ಅದನ್ನೇರಿ ಹೆದ್ದಾರಿಗೆ ಹೊರಡುವುದನ್ನು ನಾನು ಒಪ್ಪಲಾರೆ. ಬಹುಕಾಲ ನಿಂತ ಯಂತ್ರದಲ್ಲಿ ಕಣ್ಣಿಗೆ ಬೀಳುವ ತುಕ್ಕಿಗಿಂತ ಒಳಗೆ ಅಡಗಿರುವ ರಬ್ಬರು ಹೆಚ್ಚು ಅಪಾಯಕಾರಿ.

ನನಗೆ ಬರುವ ಚಿತ್ರಗಳಲ್ಲಿ ಬಹುಪಾಲು ಜಾವಾ, ಇಲ್ಲವೇ ಯೆಜ್ಡಿ. ಮೈಸೂರು ಹತ್ತಿರವಿದ್ದುದೇ ಇದಕ್ಕೆ ಕಾರಣವಿರಬೇಕು. ರುಸ್ತುಂ ಮತ್ತು ಫರೋಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಅಲ್ಲಿನ ಯಾದವಗಿರಿಯಲ್ಲಿ ಆರಂಭವಾಯಿತು. ಜಾವಾ ಎಂಬ ಹೆಸರನ್ನು ಕೇಳಿ ದ್ವೀಪವನ್ನು ನೆನೆಯುವವರೇ ಹೆಚ್ಚು. ಅದು ಜೆಕ್ ದೇಶದ ಯಾನೆಚೆಕ್ ಎಂಬ ತಯಾರಕನ ಹೆಸರಿನ ಮತ್ತು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೊದಲಕ್ಷರಗಳ ಜೋಡಣೆ. 1973ರಿಂದ ಅದೇ ಗಾಡಿ ಯೆಜ್ಡಿಯಾಯಿತು. 1996ರಲ್ಲಿ ತಯಾರಿಕೆ ನಿಂತುಹೋಯಿತು. 2018ರಲ್ಲಿ ಮತ್ತೊಂದು ಸಂಸ್ಥೆ ಜಾವಾ ಹೆಸರಿನಲ್ಲಿ ಹೊರತಂದ ಗಾಡಿ ನಾಲ್ಕು ಸ್ಟ್ರೋಕಿನದು. ಅದರ ಎಂಜಿನ್ ಭಾಗಗಳು ಹಳೆಯದಕ್ಕೆ ಆಗಿಬರುವುದಿಲ್ಲ.

ದುದ್ದದ ನಮ್ಮ ಮನೆಯಲ್ಲಿಯೂ ಅಂಥದೊಂದಿದೆ. ನನ್ನ ತಮ್ಮನ 1972ರ ಜಾವಾ, ಅವನು ತೀರಿಕೊಂಡ ಮೇಲೆ ಹತ್ತೊಂಬತ್ತು ವರ್ಷ ಆಲೂಗಡ್ಡೆ ಚೀಲಗಳ ಪಕ್ಕದಲ್ಲಿ ನಿಂತಿತ್ತು. ಅವನ ಮಗ ಕಳೆದ ವರ್ಷ ಬೆಂಗಳೂರಿನಿಂದ ಬಂದವನೇ, "ದೊಡ್ಡಪ್ಪ, ಒಂದು ಕಿಕ್ ಹೊಡೆದು ನೋಡೋಣ" ಎಂದ. ಹಾಸನದಿಂದ ಕರೆಸಿದ್ದ ಮುದುಕ ಮೆಕ್ಯಾನಿಕ್ ಅವನ ಕೈ ಹಿಡಿದು ನಿಲ್ಲಿಸಿದರು. "ತಾಳಪ್ಪ, ಮೊದಲು ಇದು ಉಸಿರು ಹಿಡೀತದಾ ನೋಡಬೇಕು."

ಆ ಮಾತಿನಲ್ಲಿ ಎರಡು ಸ್ಟ್ರೋಕಿನ ಎಂಜಿನ್ನಿನ ಶಾಸ್ತ್ರವೆಲ್ಲ ಅಡಗಿದೆ. ಇದರಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ನೇರವಾಗಿ ಸಿಲಿಂಡರಿಗೆ ಹೋಗದೆ, ಮೊದಲು ಕೆಳಗಿನ ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೇರುತ್ತದೆ. ಆದ್ದರಿಂದ ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಮುಚ್ಚಿಡುವುದು ಕ್ರ್ಯಾಂಕಿನ ಎರಡು ಬದಿಯ ರಬ್ಬರು ಸೀಲುಗಳು. ನಿಂತ ಗಾಡಿಯಲ್ಲಿ ಅವು ಒಣಗಿ ಸೆಟೆದುಕೊಳ್ಳುತ್ತವೆ. ಆಗಲೂ ಎಂಜಿನ್ ಹೊತ್ತಿಕೊಳ್ಳಬಹುದು, ಓಡಲೂಬಹುದು! ಆದರೆ ಬಿರುಕಿನಿಂದ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನೊಂದಿಗೇ ಬರಬೇಕಾದ ಎಣ್ಣೆಯೂ ಸಾಲದೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ವೇಗದಲ್ಲಿರುವಾಗ ಹಾಗಾದರೆ ಹಿಂದಿನ ಚಕ್ರ ತಟ್ಟನೆ ಬಿಗಿದು ನಿಲ್ಲುತ್ತದೆ. ಹಿಂದೆ ಲಾರಿ ಬರುತ್ತಿದ್ದರೆ ಏನಾಗುವುದೆಂದು ನಾನು ಬರೆಯಬೇಕಾಗಿಲ್ಲ.

ಪರೀಕ್ಷೆಗೆ ಬೇಕಾದದ್ದು ಸೈಕಲ್ ಪಂಪು ಮತ್ತು ಸೋಪಿನ ನೀರು, ಅಷ್ಟೆ. ಕಾರ್ಬ್ಯುರೇಟರಿನ ದಾರಿಯನ್ನೂ ಎರಡು ಹೊಗೆಬಾಯಿಗಳನ್ನೂ ರಬ್ಬರಿನಿಂದ ಮುಚ್ಚಿ, ಮೆಲ್ಲಗೆ ಸ್ವಲ್ಪವೇ ಗಾಳಿ ತುಂಬಿದರು. ಹೆಚ್ಚು ತುಂಬಿದರೆ ಒಳ್ಳೆಯ ಸೀಲೂ ಹಾರಿಹೋಗುತ್ತದೆಯಂತೆ. ಡೈನಮೊ ಬದಿಯಲ್ಲಿ ನೊರೆ ಗುಳುಗುಳು ಎಂದಿತು. ಎರಡೂ ಸೀಲು ಬದಲಾಯಿಸಿ, ಕಾರ್ಬ್ಯುರೇಟರಿನಲ್ಲಿ ಅಂಟಾಗಿ ಕುಳಿತಿದ್ದ ಹಳೆಯ ಪೆಟ್ರೋಲನ್ನು ಕೆರೆದು, ಬ್ರೇಕಿನ ಲೈನರು, ಕೇಬಲ್ಲು, ಟೈರುಗಳನ್ನು ಹೊಸದು ಮಾಡಿದ ಮೇಲೆಯೇ ಕಿಕ್. (ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆ ಎಂಬುದು ಓಡಿಸಿದವರಿಗೆ ನೆನಪಿರಬಹುದು.) ಮೊದಲ ದಿನ ಕಣದಲ್ಲಿಯೇ ಸುತ್ತಿಸಿ ಬ್ರೇಕು ನೋಡಿದೆವು. ಮರುದಿನ ಐದು ಕಿಲೋಮೀಟರ್ ಹೋಗಿ ಬಂದು ಪ್ಲಗ್ಗು ಬಿಚ್ಚಿದರೆ ಅದು ಕಂದು ಬಣ್ಣಕ್ಕಿತ್ತು. ಬಿಳಿಚಿಕೊಂಡಿದ್ದರೆ ಮಿಶ್ರಣ ಇನ್ನೂ ತೆಳುವೆಂದು ಅರ್ಥ.

ಇಷ್ಟಾದರೂ ಎಚ್ಚರ ತಪ್ಪುವಂತಿಲ್ಲ. ಈಗ ಬಂಕುಗಳಲ್ಲಿ ದೊರೆಯುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ತಿನ್ನುತ್ತದೆ. ಹೀಗಾಗಿ ಟ್ಯಾಂಕಿನಲ್ಲಿ ಪೆಟ್ರೋಲು ಬಿಟ್ಟು ತಿಂಗಳುಗಟ್ಟಲೆ ನಿಲ್ಲಿಸುವುದು ಹಿಂದಿಗಿಂತ ಈಗ ಹೆಚ್ಚು ಹಾನಿಕರ.

ಕಾನೂನಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. 2021ರ ಕೇಂದ್ರದ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿ ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲು ತುಂಬಿಸಲು ರಸ್ತೆಗಿಳಿಯಬಹುದೇ ಹೊರತು ದಿನದ ಬಳಕೆಗಲ್ಲ. ಸಾಹುಕಾರರ ಕಾರುಗಳಿಗೆ ಇದು ಸರಿ. ಸಂತೆಗೂ ಶಾಲೆಗೂ ಹೋಗಿಬರುತ್ತಿದ್ದ ಗಾಡಿಯನ್ನು ಗಾಜಿನ ಪೆಟ್ಟಿಗೆಯ ಗೊಂಬೆ ಮಾಡುವುದು ನನಗೆ ಹಿಡಿಸದು. ಹಳೆಯ ಆರ್.ಸಿ. ಇದ್ದವರು ಆರ್.ಟಿ.ಓ. ತಪಾಸಣೆಗೊಪ್ಪಿಸಿ ಅದನ್ನೇ ನವೀಕರಿಸಿಕೊಳ್ಳುವುದು ಲೇಸು. ಹೊಗೆಯ ಆಕ್ಷೇಪಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಎಣ್ಣೆ ಸುಡುವ ಎಂಜಿನ್ ಹೊಗೆಯುಗುಳುವುದು ನಿಜ. ಭಾನುವಾರಕ್ಕೊಮ್ಮೆ ಓಡಿಸಿದರೆ ಸಾಕು.

ಮೆಕ್ಯಾನಿಕ್ಕರಿಗೆ ಎಪ್ಪತ್ತು ದಾಟಿದೆ. ಅವರ ಮಕ್ಕಳಾರೂ ಈ ಕೆಲಸ ಕಲಿತಿಲ್ಲ. ಹೀಗಾಗಿ ಅವರು ಹೇಳಿದ ಕ್ರಮವನ್ನೂ, ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಎಂಬ ಅವರ ಲೆಕ್ಕವನ್ನೂ, ಸೀಲುಗಳ ಅಳತೆಯನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಹಳೆಯ ಜಾವಾ ಇರುವವರು ಕಿಕ್ ಹೊಡೆಯುವ ಮೊದಲು ನನಗೊಂದು ಮಾತು ತಿಳಿಸಿ.